ರೇಟ್ ಹೇಳುವ ಮೊದಲು ರೆಕಾರ್ಡ್ ಕೇಳುವ ಬ್ರೋಕರ್ ಬೇಕು

ಮನೆ ಮಾರಲು ಬ್ರೋಕರನ್ನು ಆರಿಸುವ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಬರೆದ ಪತ್ರಗಳಲ್ಲಿ ಎಂಟಕ್ಕೆ ಈ ಸಲ ಉತ್ತರ. ಹೆಸರು ಬೇಡ ಎಂದು ಹಲವರು ಕೇಳಿಕೊಂಡದ್ದರಿಂದ ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ತಂದೆಯ ಕಾಲದ ಹಂಚಿನ ಮನೆ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) 12 ಸೆಂಟ್ಸ್ ಜಾಗ. ಮೂವರು ಬ್ರೋಕರುಗಳು ಬಂದು ನೋಡಿ ಹೋದರು. ಒಬ್ಬರು ಸೆಂಟ್ಸಿಗೆ 9 ಲಕ್ಷ ಅಂದರು, ಇನ್ನೊಬ್ಬರು ಎಂಟೂವರೆ. ಮೂರನೆಯವರು ಮಾತ್ರ 12 ಲಕ್ಷ ಸಿಗುತ್ತದೆ, ಪಾರ್ಟಿ ರೆಡಿ ಉಂಟು ಅನ್ನುತ್ತಾರೆ. ಮನೆಯವರ ಮನಸ್ಸೆಲ್ಲ ಆ ಮೂರನೆಯವರ ಕಡೆಗೆ. ಯಾರಿಗೆ ಕೊಡುವುದು? (ಕುಲಶೇಖರ)

ಉತ್ತರ: ಪಾರ್ಟಿ ರೆಡಿ ಇದ್ದರೆ ಈ ಭಾನುವಾರವೇ ಕರೆದುಕೊಂಡು ಬನ್ನಿ ಎಂದು ಮೂರನೆಯವರಿಗೆ ಹೇಳಿ ನೋಡಿ. ಬಂದರೆ ಸಂತೋಷ. ಹೆಚ್ಚಾಗಿ ಬರುವುದಿಲ್ಲ. ಎತ್ತರದ ರೇಟ್ ಹೇಳಿ ಮನೆಯನ್ನು ಕೈಗೆ ತೆಗೆದುಕೊಳ್ಳುವುದು ಬಹಳ ಹಳೆಯ ದಾರಿ. ಎರಡು ತಿಂಗಳು ಕಳೆದ ಮೇಲೆ "ಮಾರ್ಕೆಟ್ ಡೌನ್ ಆಗಿದೆ, ಎಂಟಕ್ಕೆ ಒಬ್ಬರು ಬಂದಿದ್ದಾರೆ, ಬಿಡಬೇಡಿ" ಎಂಬ ಫೋನ್ ಬರುತ್ತದೆ. ಅಷ್ಟರಲ್ಲಿ ನಿಮ್ಮ ಮನೆಯ ಫೋಟೊ ಊರಿನ ಎಲ್ಲ ಬ್ರೋಕರುಗಳ ಮೊಬೈಲಿನಲ್ಲಿ ಓಡಾಡಿರುತ್ತದೆ. ಇಷ್ಟು ದಿನ ಯಾಕೆ ಹೋಗಲಿಲ್ಲ, ರೆಕಾರ್ಡಿನಲ್ಲಿ ಏನೋ ತೊಂದರೆ ಇರಬೇಕು ಎಂದು ಕೊಳ್ಳುವವರು ಹಿಂಜರಿಯುತ್ತಾರೆ. ಮೊದಲೇ ಸರಿಯಾದ ಬೆಲೆ ಹೇಳಿದ್ದರೆ ಸಿಗುತ್ತಿದ್ದ ಹಣಕ್ಕಿಂತ ಕಡಿಮೆಗೆ ಕೊಡಬೇಕಾಗಿ ಬರುವುದು ಹೀಗೆ.

ಹಾಗೆಂದು ಎಂಟೂವರೆ, ಒಂಬತ್ತು ಎಂದವರು ಒಳ್ಳೆಯವರು ಎಂದೂ ಆಗಲಿಲ್ಲ. ಮೂವರಲ್ಲಿ ಯಾರು ಬೆಲೆ ಹೇಳುವ ಮೊದಲು ರೆಕಾರ್ಡ್ ಕೇಳಿದರು? ನಮ್ಮ ಜಿಲ್ಲೆಗಳಲ್ಲಿ ಬ್ರೋಕರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲಿಲ್ಲ. ಇಲ್ಲಿ ಅಕ್ಕಪಕ್ಕದ ಎರಡು ಮನೆಗಳ ಜಾಗದ ಹಕ್ಕೇ ಬೇರೆ ಬೇರೆ ಇರುತ್ತದೆ. ಒಂದು ವರ್ಗ ಜಾಗ (ಪೂರ್ತಿ ಸ್ವಂತ ಹಕ್ಕಿನದು), ಇನ್ನೊಂದು ಮೂಲಗೇಣಿ (ಒಡೆಯರಿಂದ ಶಾಶ್ವತ ಗೇಣಿಗೆ ಪಡೆದದ್ದು). ಒಂದಕ್ಕೆ ಕನ್ವರ್ಷನ್ ಆಗಿದೆ, ಇನ್ನೊಂದರಲ್ಲಿ ಮನೆ ನಿಂತು ಐವತ್ತು ವರ್ಷವಾದರೂ ಆರ್‌ಟಿಸಿಯಲ್ಲಿ ಅದು ಇನ್ನೂ ಕೃಷಿ ಭೂಮಿ. ಪಾಲಿಕೆ ವ್ಯಾಪ್ತಿಯಲ್ಲಿ ಇ-ಖಾತಾ, ಪಂಚಾಯತ್ ವ್ಯಾಪ್ತಿಯಲ್ಲಿ 9/11 (ಪಂಚಾಯತ್ ಕೊಡುವ ನಮೂನೆ 9 ಮತ್ತು 11) ಇಲ್ಲದಿದ್ದರೆ ನೋಂದಣಿಯೇ ಮುಂದೆ ಹೋಗುವುದಿಲ್ಲ. ಕೊಳ್ಳುವವರ ಬ್ಯಾಂಕಿನ ವಕೀಲರು ಮೂವತ್ತು ವರ್ಷದ ಮೂಲಪತ್ರಗಳನ್ನೂ ಇಸಿಯನ್ನೂ (ಋಣಭಾರ ಪ್ರಮಾಣಪತ್ರ) ಕೇಳುತ್ತಾರೆ. ಇದೊಂದನ್ನೂ ವಿಚಾರಿಸದೆ ಅಂಗಳದಲ್ಲಿ ನಿಂತು ರೇಟ್ ಹೇಳುವವರು ಹೇಳುತ್ತಿರುವುದು ನಿಮ್ಮ ಮನೆಯ ಬೆಲೆಯಲ್ಲ, ಆ ರಸ್ತೆಯ ಬಗ್ಗೆ ಕೇಳಿದ ಸುದ್ದಿ.

ಕೆಲಸ ಗೊತ್ತಿರುವವರು ಬಂದರೆ ಏನು ಮಾಡುತ್ತಾರೆ ಎಂದು ಗಮನಿಸಿ. ಗೇಟಿನ ಹೊರಗೇ ನಿಂತು ದಾರಿ ಎಷ್ಟು ಅಡಿ ಎಂದು ಹೆಜ್ಜೆ ಹಾಕಿ ನೋಡುತ್ತಾರೆ. ಲಾರಿ ಬರುತ್ತದೆಯೇ, ದಾರಿ ಸಾರ್ವಜನಿಕವೇ, ನೆರೆಮನೆಯವರ ಜಾಗದ ಮೇಲೆ ಬಂದದ್ದೇ, ಹಾಗಿದ್ದರೆ ದಾರಿ ಹಕ್ಕು ಪತ್ರದಲ್ಲಿ ಬರೆದಿದೆಯೇ ಎಂದು ಕೇಳುತ್ತಾರೆ. ಮೇ ತಿಂಗಳಲ್ಲಿ ಬಾವಿಯಲ್ಲಿ ಎಷ್ಟು ರಿಂಗ್ ನೀರಿತ್ತು ಎಂದು ವಿಚಾರಿಸುತ್ತಾರೆ. ಮಾಡಿನ ಪಕ್ಕಾಸು, ರೀಪಿಗೆ ಗೆದ್ದಲು ಹಿಡಿದಿದೆಯೇ ಎಂದು ತಲೆಯೆತ್ತಿ ನೋಡುತ್ತಾರೆ. ಹಿಂದಿನ ಮೂಲೆಯ ಗಡಿಕಲ್ಲು ಎಲ್ಲಿ ಎಂದು ಕೇಳಿ ಅಲ್ಲಿಯವರೆಗೆ ನಡೆಯುತ್ತಾರೆ.

ಗಡಿಕಲ್ಲಿನ ವಿಷಯವನ್ನು ಸುಮ್ಮನೆ ಬಿಡಬೇಡಿ. ಆರ್‌ಟಿಸಿಯಲ್ಲಿ 12 ಸೆಂಟ್ಸ್ ಇದ್ದು, ರಸ್ತೆಗೆ ಬಿಟ್ಟದ್ದು ಹೋಗಿ ಕಾಂಪೌಂಡಿನ ಒಳಗೆ ಹತ್ತೂಮುಕ್ಕಾಲು ಮಾತ್ರ ಇರುವುದು ನಮ್ಮಲ್ಲಿ ಸಾಮಾನ್ಯ. ಸೆಂಟ್ಸಿಗೆ 9 ಲಕ್ಷದಂತೆ ಹನ್ನೆರಡಕ್ಕೆ 1 ಕೋಟಿ 8 ಲಕ್ಷ, ಹತ್ತೂಮುಕ್ಕಾಲಿಗೆ 96 ಲಕ್ಷ 75 ಸಾವಿರ. ಈ ಹನ್ನೊಂದೂಕಾಲು ಲಕ್ಷದ ಜಗಳ ಅಡ್ವಾನ್ಸ್ ಪಡೆದ ಮೇಲೆ ಎದ್ದರೆ ವ್ಯಾಪಾರವೇ ಮುರಿಯುತ್ತದೆ. ಮಾರಾಟಕ್ಕೆ ಇಡುವ ಮೊದಲೇ ಅಳತೆ ಮಾಡಿಸಿ.

ಇನ್ನು ಬೆಲೆ. ಹೇಳಿದ ರೇಟಿಗೆ ಆಧಾರ ಕೇಳಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಿಂದ ಒಂದು ಕಿಲೋಮೀಟರಿನ ಒಳಗೆ ನಿಜವಾಗಿ ರಿಜಿಸ್ಟ್ರಿ ಆದ ಮೂರು ಜಾಗಗಳನ್ನು ತೋರಿಸಲಿ. ಎಷ್ಟು ಸೆಂಟ್ಸ್, ದಾರಿ ಎಷ್ಟು ಅಗಲ, ಎಷ್ಟಕ್ಕೆ ಹೋಯಿತು ಎಂದು ಹೇಳಲಿ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ನಲವತ್ತು, ಐವತ್ತು ವರ್ಷದ ಹಂಚಿನ ಮನೆಗೆ ಕೊಳ್ಳುವವರು ಪ್ರತ್ಯೇಕ ಬೆಲೆ ಕಟ್ಟುವುದು ಕಡಿಮೆ. ಕೆಡವುವ ಖರ್ಚನ್ನೇ ಕಳೆಯುತ್ತಾರೆ. ಇದು ಮನಸ್ಸಿಗೆ ನೋವಾಗುವ ಮಾತು ಎಂದು ಗೊತ್ತು. ಆದರೆ ಅದನ್ನು ಮುಖಕ್ಕೆ ಹೇಳುವ ಬ್ರೋಕರ್ ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ. ಕೊಳ್ಳುವವರ ಮೇಲಿನ ಭಾರವೂ ಅವರ ಲೆಕ್ಕದಲ್ಲಿರಬೇಕು. ನಗರ ವ್ಯಾಪ್ತಿಯಲ್ಲಿ ಶೇ 5 ಸ್ಟಾಂಪ್ ಡ್ಯೂಟಿ, ಅದರ ಮೇಲಿನ ಸೆಸ್, ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ 2 ಆದ ನೋಂದಣಿ ಶುಲ್ಕ ಸೇರಿ ಒಟ್ಟು ಶೇ 7.6. ಒಂದು ಕೋಟಿ ಎಂಟು ಲಕ್ಷದ ಮನೆಗೆ ಎಂಟು ಲಕ್ಷಕ್ಕೂ ಹೆಚ್ಚು. ಕೊಳ್ಳುವವರ ಕಿಸೆಯಲ್ಲಿರುವುದು ಒಂದೇ ಮೊತ್ತ, ಮನೆಯ ಬೆಲೆ, ಈ ಖರ್ಚು ಎರಡೂ ಅದರಿಂದಲೇ ಬರಬೇಕು.

ಕೊನೆಗೆ, ನಿಮ್ಮ ಅತಿ ಕಡಿಮೆ ಬೆಲೆ ಎಷ್ಟು ಎಂಬುದು ಮನೆಯೊಳಗೇ ಇರಲಿ. ಯಾವ ಬ್ರೋಕರಿಗೂ, ಎಷ್ಟು ಒಳ್ಳೆಯವರಾದರೂ, ಅದನ್ನು ಹೇಳಬೇಡಿ.

ಪ್ರಶ್ನೆ: ಒಬ್ಬರು ಬ್ರೋಕರ್ "ನಿಮ್ಮ ಕೈಗೆ ನೆಟ್ 90 ಲಕ್ಷ ಕೊಡುತ್ತೇನೆ, ಮೇಲೆ ಬಂದದ್ದು ನನಗೆ, ಕಮಿಷನ್ ಬೇಡ" ಅನ್ನುತ್ತಾರೆ. ನಮಗೆ 90 ಬಂದರೆ ಸಾಕು. ಒಪ್ಪಬಹುದೇ? (ಕಾವೂರು)

ಉತ್ತರ: ಬೇಡ. ಕೇಳಲು ಸಲೀಸಾಗಿ ಕಾಣುವ ಈ ನೆಟ್ ರೇಟ್ ವ್ಯವಹಾರದಲ್ಲಿ ಮಾರುವವರು ಸಿಕ್ಕಿಬೀಳುವಷ್ಟು ಬೇರೆ ಯಾವುದರಲ್ಲೂ ಬೀಳುವುದಿಲ್ಲ.

ಅವರು 98ಕ್ಕೆ ಮಾರಿದರು ಎಂದುಕೊಳ್ಳಿ. ಕ್ರಯಪತ್ರದಲ್ಲಿ 98 ಎಂದೇ ಬರೆದರೆ ತೆರಿಗೆ ಇಲಾಖೆಯ ಕಣ್ಣಿಗೆ ನಿಮಗೆ ಬಂದದ್ದು 98. ಬಂಡವಾಳ ಲಾಭದ ಲೆಕ್ಕ ಅದರ ಮೇಲೆಯೇ ಶುರು. ಆ 8 ಲಕ್ಷ ಬ್ರೋಕರಿಗೆ ಹೋಯಿತು ಎಂದು ತೋರಿಸಲು ಅವರ ಬಿಲ್ ಬೇಕು, ಬ್ಯಾಂಕ್ ಮೂಲಕ ಕೊಟ್ಟ ದಾಖಲೆ ಬೇಕು. ನೆಟ್ ರೇಟಿನವರು ಬಿಲ್ ಕೊಡುವುದು ಅಪರೂಪ. ಕ್ರಯಪತ್ರದಲ್ಲಿ 90 ಎಂದು ಬರೆದು 8 ಲಕ್ಷವನ್ನು ಕೊಳ್ಳುವವರಿಂದ ನಗದಾಗಿ ತೆಗೆದುಕೊಂಡರೆ, ಸುಳ್ಳು ಮೊತ್ತದ ಪತ್ರಕ್ಕೆ ಸಹಿ ಹಾಕಿದವರು ನೀವು. ನಾಳೆ ಕೊಳ್ಳುವವರಿಗೆ ಇಲಾಖೆಯ ನೋಟಿಸ್ ಬಂದರೆ ನಿಮ್ಮ ಹೆಸರೂ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಏಜೆಂಟ್ ಅಂದರೆ ನಿಮ್ಮ ಪರವಾಗಿ ನಿಲ್ಲಬೇಕಾದವರು. 1872ರ ಭಾರತೀಯ ಕರಾರು ಕಾಯ್ದೆಯ 215 ಮತ್ತು 216ನೇ ಸೆಕ್ಷನ್‌ಗಳು ಹೇಳುವುದೂ ಇದನ್ನೇ. ಮಾಲೀಕರಿಗೆ ತಿಳಿಸದೆ ಏಜೆಂಟ್ ತನ್ನ ಸ್ವಂತ ಲಾಭಕ್ಕೆ ವ್ಯವಹಾರ ಮಾಡಿದರೆ ಆ ಲಾಭವನ್ನು ಮಾಲೀಕರು ಕೇಳಬಹುದು. ನೆಟ್ ರೇಟಿಗೆ ಒಪ್ಪಿದರೆ ಈ ರಕ್ಷಣೆಯನ್ನು ನೀವೇ ಕೈಯಾರೆ ಬಿಟ್ಟುಕೊಟ್ಟ ಹಾಗೆ. 95ಕ್ಕೆ ಕೇಳಿದವರು ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಹೆಚ್ಚು ಬೆಲೆ ತಂದರೆ ಹೆಚ್ಚು ಕೊಡಬೇಕು ಎಂಬ ಆಸೆ ನ್ಯಾಯವಾದದ್ದೇ. ಅದಕ್ಕೆ ಬೇರೆ ದಾರಿ ಉಂಟು. 90 ಲಕ್ಷದವರೆಗೆ ಶೇ ಒಂದೂವರೆ, ಅದರ ಮೇಲೆ ಬಂದ ಮೊತ್ತಕ್ಕೆ ಶೇ 10 ಎಂದು ಬರೆದುಕೊಡಿ. 98ಕ್ಕೆ ಹೋದರೆ ಅವರಿಗೆ 1 ಲಕ್ಷ 35 ಸಾವಿರ ಮತ್ತು 80 ಸಾವಿರ, ಒಟ್ಟು 2 ಲಕ್ಷ 15 ಸಾವಿರ. ನಿಮಗೆ 95 ಲಕ್ಷ 85 ಸಾವಿರ. ಕೊಟ್ಟ ಕಮಿಷನ್ನಿಗೆ ಬಿಲ್ ಪಡೆದರೆ ಮಾರಾಟದ ಖರ್ಚೆಂದು ಬಂಡವಾಳ ಲಾಭದಲ್ಲಿ ಕಳೆಯಬಹುದು.

ಪ್ರಶ್ನೆ: ಒಬ್ಬರಿಗೇ ಕೊಡುವುದೋ, ನಾಲ್ಕು ಜನರಿಗೆ ಹೇಳುವುದೋ? ಹೆಚ್ಚು ಜನರಿಗೆ ಹೇಳಿದರೆ ಬೇಗ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. (ಸುರತ್ಕಲ್)

ಉತ್ತರ: ಹೆಚ್ಚು ಜನರಿಗೆ ಹೇಳಿದರೆ ಬೇಗ ಹಬ್ಬುತ್ತದೆ. ಬೇಗ ಹೋಗುತ್ತದೆ ಎಂದಲ್ಲ. ನೀವು ನಾಲ್ವರಿಗೆ ಹೇಳಿದ್ದು ಅವರ ವಾಟ್ಸ್ಆ್ಯಪ್ ಗುಂಪುಗಳಿಂದ ನಲವತ್ತು ಜನರಿಗೆ ಹೋಗುತ್ತದೆ. ಒಬ್ಬೊಬ್ಬರೂ ತಮ್ಮ ಪಾಲು ಸೇರಿಸುತ್ತಾರೆ. ಒಂದೇ ಮನೆ 85, 90, 97 ಎಂದು ಮೂರು ಬೆಲೆಗೆ ಓಡಾಡುತ್ತದೆ. ಕೊಳ್ಳುವವರು ಅತಿ ಕಡಿಮೆ ಬೆಲೆಯಿಂದಲೇ ಚೌಕಾಸಿ ಶುರು ಮಾಡುತ್ತಾರೆ. ವ್ಯಾಪಾರ ಕುದುರಿದ ದಿನ "ಈ ಪಾರ್ಟಿಗೆ ಮೊದಲು ತೋರಿಸಿದವನು ನಾನು" ಎಂದು ಇಬ್ಬರು ಬಂದು ನಿಲ್ಲುತ್ತಾರೆ.

ಒಬ್ಬರಿಗೇ ಕೊಡಿ, ಆದರೆ ಕಾಲಮಿತಿ ಇರಲಿ. 60 ದಿನ, ಹೆಚ್ಚೆಂದರೆ 90. ಹದಿನೈದು ದಿನಕ್ಕೊಮ್ಮೆ ಯಾರು ಬಂದರು, ಏನು ಹೇಳಿದರು, ಯಾಕೆ ಬಿಟ್ಟರು ಎಂದು ಅವರು ಹೇಳಬೇಕು. ಮನೆಯಲ್ಲಿ ಒಂದು ಪುಸ್ತಕ ಇಡಿ. ದಿನಾಂಕ, ನೋಡಲು ಬಂದವರ ಹೆಸರು, ಕರೆತಂದ ಬ್ರೋಕರ್, ಅವರ ಸಹಿ, ಹೀಗೆ ನಾಲ್ಕು ಗೆರೆ ಎಳೆದರೆ ಸಾಕು. ಸಬ್ ಬ್ರೋಕರ್ ಕರೆತಂದರೂ ಅವರ ಪಾಲನ್ನು ಮುಖ್ಯ ಬ್ರೋಕರೇ ಕೊಡಬೇಕು ಎಂದು ಮೊದಲೇ ಮಾತಾಗಲಿ. ಕಮಿಷನ್ ಜಗಳಗಳಲ್ಲಿ ಅರ್ಧಕ್ಕರ್ಧ ಈ ಪುಸ್ತಕ ತೆರೆದಾಗ ನಿಂತುಹೋಗುತ್ತವೆ.

ಕಮಿಷನ್ ಪತ್ರ ಒಂದು ಪುಟ ಇದ್ದರೆ ಸಾಕು, ಆದರೆ ಇರಲೇಬೇಕು. ಮನೆಯ ಸರ್ವೆ ನಂಬರ್ ಅಥವಾ ಡೋರ್ ನಂಬರ್, ಕೇಳುವ ಬೆಲೆ, ಅವಧಿ, ಶೇಕಡಾ ಎಷ್ಟು ಎಂದು ಬರೆಯಿರಿ. ಕಾನೂನು ಯಾವ ದರವನ್ನೂ ಕಟ್ಟಿಹಾಕಿಲ್ಲ, ನಮ್ಮ ಕಡೆ ಸಾಮಾನ್ಯವಾಗಿ ಶೇ 1ರಿಂದ 2ರವರೆಗೆ ಮಾತಾಗುತ್ತದೆ. ಬ್ರೋಕರ್ ಜಿಎಸ್‌ಟಿ ನೋಂದಣಿ ಮಾಡಿಸಿದವರಾದರೆ ಅದರ ಮೇಲೆ ಶೇ 18 ಸೇರುತ್ತದೆ. 90 ಲಕ್ಷಕ್ಕೆ ಶೇ 2 ಅಂದರೆ 1 ಲಕ್ಷ 80 ಸಾವಿರ, ಜಿಎಸ್‌ಟಿ ಸೇರಿದರೆ 2 ಲಕ್ಷ 12 ಸಾವಿರದ 400. ಸೇರಿದ್ದೋ ಬೇರೆಯೋ ಎಂದು ಮೊದಲೇ ಕೇಳದವರು ಕೊನೆಯ ದಿನ ಮುಖ ಕೆಡಿಸಿಕೊಳ್ಳುತ್ತಾರೆ. ಕೊಳ್ಳುವವರಿಂದಲೂ ಕಮಿಷನ್ ತೆಗೆದುಕೊಳ್ಳುತ್ತಾರೆಯೇ ಎಂದು ಬರೆಸಿ. ಎರಡೂ ಕಡೆಯಿಂದ ತೆಗೆದುಕೊಳ್ಳುವುದು ಇಲ್ಲಿ ರೂಢಿ, ಆದರೆ ನಿಮಗೆ ಗೊತ್ತಿರಬೇಕು.

ಹಣ ಯಾವಾಗ? ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸ ಪೂರ್ತಿಯಾದ ಮೇಲೆಯೇ ಏಜೆಂಟಿಗೆ ಪ್ರತಿಫಲ ಎನ್ನುತ್ತದೆ ಕರಾರು ಕಾಯ್ದೆಯ 219ನೇ ಸೆಕ್ಷನ್. ಅಂದರೆ ಕ್ರಯಪತ್ರ ರಿಜಿಸ್ಟ್ರಿ ಆದ ದಿನ. ಅಡ್ವಾನ್ಸ್ ಬಂದ ಕೂಡಲೇ ಅರ್ಧ ಕೊಡಿ ಎಂದು ಒತ್ತಾಯ ಬರುತ್ತದೆ. ಕೊಟ್ಟರೆ, ವ್ಯಾಪಾರ ಮುರಿದಾಗ ಹಿಂದೆ ಬರುವುದಿಲ್ಲ. ಕೊಡಲೇಬೇಕೆನಿಸಿದರೆ ಕಾಲು ಭಾಗ ಕೊಡಿ, ಮುರಿದರೆ ವಾಪಸ್ ಎಂದು ಬರೆಸಿಕೊಳ್ಳಿ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ತಾಯಿ ವೀಲುನಾಮೆಯಲ್ಲಿ ಅಂಬಲಪಾಡಿಯ ಮನೆಯನ್ನು ನನಗೂ ಬೆಂಗಳೂರಿನಲ್ಲಿರುವ ತಂಗಿಗೂ ಸಮಪಾಲು ಬರೆದಿದ್ದಾರೆ. 1 ಕೋಟಿ 20 ಲಕ್ಷಕ್ಕೆ ಮಾರುವ ಯೋಚನೆ. ಬ್ರೋಕರ್ "ನನ್ನ ಹೆಸರಿಗೆ ಜಿಪಿಎ ಕೊಡಿ, ನೀವು ಬರುವುದೇ ಬೇಡ" ಅನ್ನುತ್ತಾರೆ. (ಉಡುಪಿ ಮೂಲದ ಓದುಗರು)

ಉತ್ತರ: ಬ್ರೋಕರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಪವರ್ ಆಫ್ ಅಟಾರ್ನಿ, ಕೊಡಬೇಡಿ. ಅವರು ಎಷ್ಟೇ ಪರಿಚಯದವರಾಗಲಿ. ಪವರ್ ಆಫ್ ಅಟಾರ್ನಿಯಿಂದ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ನಿಜ. ಆದರೆ ಅಧಿಕಾರ ಕೈಯಲ್ಲಿರುವವರು ನಿಮ್ಮ ಹೆಸರಿನಲ್ಲಿ ಅಗ್ರಿಮೆಂಟ್ ಮಾಡಿಕೊಟ್ಟು ಅಡ್ವಾನ್ಸ್ ಪಡೆದರೆ, ಅದಕ್ಕೆ ಉತ್ತರ ಹೇಳಬೇಕಾದವರು ನೀವೇ.

ಅಧಿಕಾರ ತಂಗಿಗೆ ಕೊಡಿ. ಅದೂ ಈ ಒಂದು ಮನೆಗೆ ಮಾತ್ರ, ಸಹಿ ಹಾಕಿ ನೋಂದಣಿಗೆ ಹಾಜರುಪಡಿಸುವುದಕ್ಕೆ ಮಾತ್ರ. ಹಣ ಪಡೆಯುವ ಅಧಿಕಾರ ಬೇಡ, ನಿಮ್ಮ ಪಾಲಿನ ಹಣ ನೇರ ನಿಮ್ಮ ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವವರು ಇಲ್ಲಿನ ಹಣಕ್ಕೆ ಇಡುವ ಬ್ಯಾಂಕ್ ಖಾತೆ) ಬರಲಿ. ಪತ್ರವನ್ನು ದುಬೈಯ ಭಾರತೀಯ ಕಾನ್ಸುಲೇಟ್ ಮೂಲಕ ದೃಢೀಕರಿಸಿ ಕಳುಹಿಸಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳ ಒಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಈ ಮೂರು ತಿಂಗಳನ್ನು ಮರೆತು ಪುನಃ ಪತ್ರ ಮಾಡಿಸಬೇಕಾಗಿ ಬಂದವರು ಬಹಳ ಮಂದಿ.

ನಿಮ್ಮ ವಿಷಯದಲ್ಲಿ ಒಳ್ಳೆಯ ಬ್ರೋಕರ್ ಯಾರು ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಒಂದು: ಖಾತೆ ಈಗ ಯಾರ ಹೆಸರಲ್ಲಿದೆ ಎಂದು ಅವರು ಕೇಳಿದರೇ? ತಾಯಿಯ ಹೆಸರಿನಲ್ಲೇ ಇದ್ದರೆ ಮೊದಲು ವೀಲುನಾಮೆ, ಮರಣ ಪ್ರಮಾಣಪತ್ರ ಕೊಟ್ಟು ಇಬ್ಬರ ಹೆಸರಿಗೆ ಮಾಡಿಸಬೇಕು. ಅದಾಗದೆ ಪಾರ್ಟಿ ಕರೆತಂದರೆ ಪಾರ್ಟಿ ಕಾದು ಸುಸ್ತಾಗಿ ಹೋಗುತ್ತಾರೆ. ಎರಡು: ಎನ್‌ಆರ್‌ಐ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಕಟ್ಟಬೇಕಾದ ತೆರಿಗೆ) ಬಗ್ಗೆ ಕೊಳ್ಳುವವರಿಗೆ ಮೊದಲೇ ಹೇಳುತ್ತಾರೆಯೇ? ತಂಗಿಯ 60 ಲಕ್ಷದ ಪಾಲಿಗೆ ಕೊಳ್ಳುವವರು ಶೇ 1, ಅಂದರೆ 60 ಸಾವಿರ ಹಿಡಿದರೆ ಮುಗಿಯಿತು. ನಿಮ್ಮ 60 ಲಕ್ಷಕ್ಕೆ ಹಾಗಲ್ಲ. ಶೇ 12.5ರಂತೆ ಏಳೂವರೆ ಲಕ್ಷ, ಅದರ ಮೇಲೆ ಶೇ 10 ಸರ್ಚಾರ್ಜ್, ಮತ್ತೆ ಶೇ 4 ಸೆಸ್ ಸೇರಿ 8 ಲಕ್ಷ 58 ಸಾವಿರ. ಲಾಭ ಎಷ್ಟೇ ಇರಲಿ, ಪೂರ್ತಿ ಮೊತ್ತದ ಮೇಲೆ ಇಷ್ಟು ಹಿಡಿಯಬೇಕಾಗುತ್ತದೆ. ಇದನ್ನು ತಪ್ಪಿಸಲು ಮಾರಾಟಕ್ಕೆ ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತೆಗೆಸಬಹುದು. ಅದಕ್ಕೆ ಸಮಯ ಹಿಡಿಯುವುದರಿಂದ ಅಗ್ರಿಮೆಂಟಿನ ಅವಧಿಯನ್ನೂ ಅದಕ್ಕೆ ತಕ್ಕಂತೆ ಇಡಬೇಕು. ಶೇ 1 ಹಿಡಿದರೆ ಸಾಕು ಎಂದು ಕೊಳ್ಳುವವರನ್ನು ನಂಬಿಸುವ ಬ್ರೋಕರುಗಳಿದ್ದಾರೆ. ಅದರಿಂದ ಸಿಕ್ಕಿಬೀಳುವುದು ಕೊಳ್ಳುವವರು, ಆಮೇಲೆ ಅವರು ಹಿಡಿಯುವುದು ನಿಮ್ಮನ್ನು.

ಮನೆ ಬೀಗ ಹಾಕಿದ್ದರೆ ಕೀಲಿಕೈ ನೆರೆಯವರಲ್ಲೋ ಸಂಬಂಧಿಕರಲ್ಲೋ ಇರಲಿ. ತೋರಿಸಲು ಹೋದಾಗಲೆಲ್ಲ ವಿಡಿಯೋ ಕಾಲ್ ಮಾಡಿಸಿ.

ಪ್ರಶ್ನೆ: ಬ್ರೋಕರಿಗೆ ರೇರಾ ನಂಬರ್ ಇರಲೇಬೇಕೇ? (ಮಣಿಪಾಲ)

ಉತ್ತರ: 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಯೋಜನೆಯ ಫ್ಲ್ಯಾಟ್, ಸೈಟ್ ಮಾರಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ಇಲ್ಲದಿದ್ದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ. ನಿಮ್ಮದು ಹಳೆಯ ಸ್ವತಂತ್ರ ಮನೆಯಾದರೆ ಈ ನಿಯಮ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ನೋಂದಣಿ ಇರುವವರ ಹೆಸರು, ವಿಳಾಸ ಕರ್ನಾಟಕ ರೇರಾ ಜಾಲತಾಣದಲ್ಲಿ ಸಿಗುತ್ತದೆ. ನಂಬರ್ ಕೇಳಿ, ಅವಧಿ ಮುಗಿದಿಲ್ಲವೇ ಎಂದು ಅಲ್ಲೇ ನೋಡಿ. ನೋಂದಣಿ ಇದ್ದ ಮಾತ್ರಕ್ಕೆ ನಿಮ್ಮ ಊರಿನ ಮೂಲಗೇಣಿ, ಕನ್ವರ್ಷನ್ ಗೊತ್ತಿರುತ್ತದೆ ಎಂದಲ್ಲ. ಅದಕ್ಕೆ ಮೊದಲ ಉತ್ತರದಲ್ಲಿ ಹೇಳಿದ ಪರೀಕ್ಷೆಯೇ ಆಗಬೇಕು.

ಪ್ರಶ್ನೆ: ಬ್ರೋಕರ್ ತಂದ ಪಾರ್ಟಿ 2 ಲಕ್ಷ ಅಡ್ವಾನ್ಸ್ ಕೊಟ್ಟು ಆರು ತಿಂಗಳ ಅಗ್ರಿಮೆಂಟ್ ಕೇಳುತ್ತಿದ್ದಾರೆ. ಮನೆಯ ಬೆಲೆ 85 ಲಕ್ಷ. ಅಡ್ವಾನ್ಸ್ ನಗದಾಗಿ ಕೊಡುತ್ತಾರಂತೆ. (ದೇರೆಬೈಲು)

ಉತ್ತರ: ಕರಡನ್ನು ತೆಗೆದು ಕೊಳ್ಳುವವರ ಹೆಸರಿನ ನಂತರದ ಸಾಲನ್ನು ಓದಿ. "ಅಥವಾ ಅವರು ಸೂಚಿಸುವವರ ಹೆಸರಿಗೆ" ಎಂದಿದೆಯೇ? ಹಾಗಿದ್ದರೆ ಇವರು ಮನೆ ಕೊಳ್ಳಲು ಬಂದವರಲ್ಲ. 2 ಲಕ್ಷಕ್ಕೆ ನಿಮ್ಮ ಮನೆಯನ್ನು ಆರು ತಿಂಗಳು ಹಿಡಿದಿಟ್ಟು, ಬೇರೆಯವರಿಗೆ ಹೆಚ್ಚು ಬೆಲೆಗೆ ದಾಟಿಸಲು ಬಂದವರು. ಎಷ್ಟೋ ಸಲ ಆ "ಪಾರ್ಟಿ" ಬ್ರೋಕರಿನದೇ ಜನ. ಗಿರಾಕಿ ಸಿಗದಿದ್ದರೆ ಸುಮ್ಮನೆ ಬಿಟ್ಟು ಹೋಗುವುದೂ ಇಲ್ಲ. ಅಗ್ರಿಮೆಂಟ್ ಹಿಡಿದು ಕೋರ್ಟಿಗೆ ಹೋದರೆ ಮನೆ ಯಾರಿಗೂ ಮಾರಲಾಗದೆ ವರ್ಷಗಟ್ಟಲೆ ನಿಲ್ಲುತ್ತದೆ.

ಆ ಸಾಲನ್ನು ಹೊಡೆದುಹಾಕಿಸಿ. ಅಡ್ವಾನ್ಸ್ ಬೆಲೆಯ ಹತ್ತನೇ ಒಂದಂಶವಾದರೂ ಇರಲಿ, ಅಂದರೆ ಎಂಟೂವರೆ ಲಕ್ಷ. ಬ್ಯಾಂಕ್ ಸಾಲ ತೆಗೆಯುವವರಿಗೂ ಮೂರು ತಿಂಗಳು ಧಾರಾಳ. ಗಡುವು ಮೀರಿದರೆ ಏನು ಎಂದು ಅಗ್ರಿಮೆಂಟಿನಲ್ಲೇ ಬರೆಯಿರಿ. ಕರಡನ್ನು ಬ್ರೋಕರ್ ಬರೆಸಿ ತಂದರೆ ನಿಮ್ಮದೇ ವಕೀಲರಿಗೆ ಒಮ್ಮೆ ತೋರಿಸಿ.

ನಗದು ಬೇಡವೇ ಬೇಡ. ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ, ಅಡ್ವಾನ್ಸ್ ಕೂಡ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಪಡೆಯುವವರು ನೀವು, ಬ್ರೋಕರ್ ಅಲ್ಲ. ಮೂಲಪತ್ರಗಳನ್ನೂ ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಕೊಟ್ಟರೆ ಪ್ರತಿ ಹಾಳೆಯ ಮೇಲೆ "ಮಾರಾಟದ ಪರಿಶೀಲನೆಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ ಅಡ್ಡಗೆರೆ ಎಳೆಯಿರಿ.

ಪ್ರಶ್ನೆ: ನಮ್ಮ ಜಾಗದ ಮೂಲೆಯಲ್ಲಿ ಕುಟುಂಬದ ನಾಗಬನ ಉಂಟು. ವರ್ಷಕ್ಕೊಮ್ಮೆ ಎಲ್ಲರೂ ಬಂದು ತಂಬಿಲ (ನಾಗನ ಪೂಜೆ) ಕೊಡುತ್ತಾರೆ. ಬ್ರೋಕರ್ "ಪಾರ್ಟಿಗೆ ಈಗ ಹೇಳುವುದು ಬೇಡ, ಅಡ್ವಾನ್ಸ್ ಆದ ಮೇಲೆ ನೋಡುವ" ಅನ್ನುತ್ತಾರೆ. (ಬಜಪೆ)

ಉತ್ತರ: ಇಷ್ಟು ಹೇಳಿದ ಬ್ರೋಕರನ್ನು ಬದಲಿಸಿ. ಬನ ಕಣ್ಣಿಗೆ ಕಾಣುತ್ತದೆ, ಆದರೆ ಕುಟುಂಬದವರು ಬರುವ ರೂಢಿ ಕಾಣುವುದಿಲ್ಲ. ಆಸ್ತಿಯಲ್ಲೂ ಹಕ್ಕಿನಲ್ಲೂ ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯದ ಕೊರತೆಯನ್ನು ಮಾರುವವರು ಹೇಳಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಮುಚ್ಚಿಟ್ಟರೆ ವ್ಯಾಪಾರ ಮುರಿಯುವುದಲ್ಲದೆ ಎರಡು ಮನೆಗಳ ನಡುವೆ, ಕುಟುಂಬದ ಒಳಗೆ ಮನಸ್ತಾಪ ಉಳಿಯುತ್ತದೆ. ನಾಗರಪಂಚಮಿಯ ದಿನ ನಾಗನಿಗೆ ತನು (ಹಾಲು, ಎಳನೀರು) ಹಾಕಲು ಬಂದ ಹಿರಿಯರಿಗೆ ಗೇಟು ತೆರೆಯದಿರುವ ಪರಿಸ್ಥಿತಿ ಬರಬಾರದು.

ಕುಟುಂಬದ ಹಿರಿಯರನ್ನು ಕೂರಿಸಿ ಮೊದಲು ಮಾತಾಡಿ. ಬನ ಮತ್ತು ಅದಕ್ಕೆ ಹೋಗುವ ದಾರಿಯನ್ನು ಬಿಟ್ಟು ಉಳಿದದ್ದನ್ನು ಮಾರುವುದಾದರೆ ಜಾಗ ಬೇರ್ಪಡಿಸುವ ನಕ್ಷೆ, ಅನುಮತಿ ಮೊದಲೇ ಆಗಬೇಕು. ಇಡೀ ಜಾಗ ಮಾರುವುದಾದರೆ ಕುಟುಂಬದವರು ಬರುವ ಹಕ್ಕನ್ನು ಕ್ರಯಪತ್ರದಲ್ಲೇ ಬರೆಯಿರಿ. ದಾರಿ ಎಷ್ಟು ಅಡಿ, ಯಾವ ಬದಿಯಿಂದ, ಬನದ ಸುತ್ತ ಎಷ್ಟು ಜಾಗಕ್ಕೆ ಕೈ ಹಾಕಬಾರದು, ಎಲ್ಲವೂ ನಕ್ಷೆಯಲ್ಲಿ ಗುರುತಾಗಲಿ. ನಾಗನನ್ನು ನಂಬುವ, ಬನವಿದ್ದರೆ ಒಳ್ಳೆಯದೆಂದೇ ಬರುವ ಕೊಳ್ಳುವವರು ನಮ್ಮ ಊರಲ್ಲಿ ಬೇಕಾದಷ್ಟು ಇದ್ದಾರೆ. ಅಂಥವರನ್ನು ಹುಡುಕಿ ತರುವವರೇ ನಿಮಗೆ ಬೇಕಾದ ಬ್ರೋಕರ್.

ಪ್ರಶ್ನೆ: ನಮ್ಮ ಫ್ಲ್ಯಾಟ್ ಮೇಲೆ ಬ್ಯಾಂಕ್ ಸಾಲ 22 ಲಕ್ಷ ಬಾಕಿ ಉಂಟು. ಸಾಲ ತೀರಿಸಿದ ಮೇಲೆಯೇ ಬನ್ನಿ ಅಂತ ಒಬ್ಬ ಬ್ರೋಕರ್ ಹೇಳಿದರು. ನಮ್ಮಲ್ಲಿ ಅಷ್ಟು ಹಣವಿಲ್ಲ. ಇನ್ನೊಂದು: ಎರಡನೇ ಮಹಡಿಯ ನೆರೆಯವರೇ ಕೊಳ್ಳಲು ಕೇಳಿದ್ದಾರೆ. ಅವರೇ ಕೊಂಡರೂ ಬ್ರೋಕರಿಗೆ ಕಮಿಷನ್ ಕೊಡಬೇಕೇ? (ಬಿಜೈ)

ಉತ್ತರ: ಸಾಲ ಇರುವ ಫ್ಲ್ಯಾಟ್ ಮಾರಿಸಿ ಗೊತ್ತಿಲ್ಲದವರು ಹಾಗೆ ಹೇಳುತ್ತಾರೆ. ನಿಮ್ಮ ಬ್ಯಾಂಕಿನಿಂದ ಎರಡು ಪತ್ರ ತನ್ನಿ. ಒಂದು, ಇಂಥ ದಿನಕ್ಕೆ ಸಾಲ ಮುಗಿಸಲು ಇಷ್ಟು ಬಾಕಿ ಎಂಬುದು. ಇನ್ನೊಂದು, ಬ್ಯಾಂಕಿನ ವಶದಲ್ಲಿರುವ ಮೂಲಪತ್ರಗಳ ಪಟ್ಟಿ. ಕೊಳ್ಳುವವರು, ಅಥವಾ ಅವರಿಗೆ ಸಾಲ ಕೊಡುವ ಬ್ಯಾಂಕ್, 22 ಲಕ್ಷವನ್ನು ನೇರ ನಿಮ್ಮ ಸಾಲದ ಖಾತೆಗೆ ಕಟ್ಟಿ ಉಳಿದದ್ದನ್ನು ನಿಮಗೆ ಕೊಡುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವಾದರೆ ಅವಧಿಗೆ ಮೊದಲು ತೀರಿಸಿದ್ದಕ್ಕೆ ದಂಡವಿಲ್ಲ. ತೀರಿದ 30 ದಿನದ ಒಳಗೆ ಬ್ಯಾಂಕ್ ಮೂಲಪತ್ರ ಮರಳಿಸಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು, 2023ರ ರಿಸರ್ವ್ ಬ್ಯಾಂಕ್ ಆದೇಶ ಅದು. ಸಾಲದ ನೋಂದಣಿ ಇಸಿಯಲ್ಲಿ ಕಾಣುತ್ತಿದ್ದರೆ ಅದನ್ನು ತೆಗೆಸುವ ಪತ್ರವೂ ಆಗಬೇಕು. ಇದನ್ನು ಮರೆಯುವವರೇ ಹೆಚ್ಚು.

ಕಮಿಷನ್ ನೀವು ಬರೆದುಕೊಟ್ಟ ಪತ್ರದ ಮೇಲೆ ನಿಂತಿದೆ. ಅವಧಿಯಲ್ಲಿ ಯಾರಿಗೆ ಮಾರಿದರೂ ಕಮಿಷನ್ ಎಂದು ಬರೆದುಕೊಟ್ಟಿದ್ದರೆ ಕೊಡಬೇಕು. ಏನೂ ಬರೆದಿಲ್ಲದಿದ್ದರೆ, ಅವರು ಕರೆತರದ ಗಿರಾಕಿಗೆ ಕೊಡಬೇಕಾಗಿಲ್ಲ. ನಿಮ್ಮದು ಇನ್ನೂ ಮಾತಿನಲ್ಲೇ ಇರುವಂತಿದೆ. ಹಾಗಾದರೆ ಇವತ್ತೇ ಒಂದು ಚೀಟಿ ಬರೆಯಿರಿ: ಎರಡನೇ ಮಹಡಿಯ ನೆರೆಯವರು ಮತ್ತು ಈಗಾಗಲೇ ಕೇಳಿರುವ ಇಂಥಿಂಥವರು ಕಮಿಷನ್ನಿನಿಂದ ಹೊರಗೆ. ಬ್ರೋಕರ್ ಸಹಿ ಹಾಕಿದ ಮೇಲೆ ಫೋಟೊ ತೆಗೆಯಲು ಬಿಡಿ.